ಪದ ಪರಿಚಯ: ಇನ್‌ಸಾರ್

ಜ್ವಾಲಾಮುಖಿ ಬಾಯಿ ತೆರೆಯುವ ಮುನ್ನ ಎಷ್ಟೋ ಸಲ ಅದರ ಮೈ ಊದಿಕೊಳ್ಳುತ್ತದೆ. ನೆಲದಡಿಯ ಶಿಲಾಪಾಕ ಮೇಲೇರಿ ಒಂದೆಡೆ ತುಂಬಿಕೊಂಡಂತೆ ಮೇಲಿನ ನೆಲ ಉಬ್ಬುತ್ತದೆ. ಲಾವಾ ಹೊರಚೆಲ್ಲಿದ ಮೇಲೆ ಇಳಿಯುತ್ತದೆ. ಬೆಟ್ಟದ ಮೇಲೆಯೇ ನಿಂತವರಿಗೂ ಕಾಣದ ಈ ಏರಿಳಿತವನ್ನು ನೂರಾರು ಕಿಲೋಮೀಟರ್ ಮೇಲಿನಿಂದ, ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುವ ವಿಧಾನವೇ ಇನ್‌ಸಾರ್.

ಪೂರ್ತಿ ಹೆಸರು ‘ಇಂಟರ್‌ಫೆರೋಮೆಟ್ರಿಕ್ ಸಿಂಥೆಟಿಕ್ ಅಪರ್ಚರ್ ರೇಡಾರ್’. ತಿರುಳಿರುವುದು ಮೊದಲ ಪದದಲ್ಲಿ: ಇಂಟರ್‌ಫೆರೆನ್ಸ್ ಎಂದರೆ ಪಠ್ಯಪುಸ್ತಕಗಳು ಹೇಳುವ ವ್ಯತಿಕರಣ, ಎರಡು ಅಲೆಗಳನ್ನು ಒಂದರ ಮೇಲೊಂದು ಇಟ್ಟಾಗ ಕಾಣುವ ಹೊಂದಿಕೆ ಮತ್ತು ತಪ್ಪು ಹೊಂದಿಕೆ. ಉಪಗ್ರಹ ನೆಲಕ್ಕೆ ರೇಡಾರ್ ಅಲೆ ಕಳಿಸಿ, ಮರಳಿ ಬಂದದ್ದನ್ನು ದಾಖಲಿಸುತ್ತದೆ. ಕೆಲವು ದಿನ ಬಿಟ್ಟು ಅದೇ ಹಾದಿಯಲ್ಲಿ ಬಂದು ಮತ್ತೆ ದಾಖಲಿಸುತ್ತದೆ. ಅಷ್ಟರಲ್ಲಿ ನೆಲ ಏರಿದ್ದರೆ ಅಲೆಯ ಹಾದಿ ಗಿಡ್ಡವಾಗಿರುತ್ತದೆ. ಎರಡು ದಾಖಲೆಗಳ ವ್ಯತ್ಯಾಸಕ್ಕೆ ಬಣ್ಣ ಕೊಟ್ಟರೆ ಬೆಟ್ಟದ ಸುತ್ತ ಕಾಮನಬಿಲ್ಲಿನ ಉಂಗುರಗಳು ಮೂಡುತ್ತವೆ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ಅಲೆಯುದ್ದ ಸುಮಾರು 5.6 ಸೆಂ.ಮೀ. ಅಲೆ ಹೋಗಿ ಬರಬೇಕಾದ್ದರಿಂದ ಒಂದು ಉಂಗುರಕ್ಕೆ ಅದರ ಅರ್ಧ, 2.8 ಸೆಂ.ಮೀ. ಚಲನೆ. ಉಂಗುರಗಳನ್ನು ಎಣಿಸಿದರೆ ಊತದ ಅಳತೆ ಸಿಕ್ಕಿತು! ಮೋಡ ಕವಿದರೂ ಕತ್ತಲಾದರೂ ಈ ಕೆಲಸ ನಿಲ್ಲುವುದಿಲ್ಲ.

1991–93ರ ಸ್ಫೋಟದ ಹೊತ್ತಿಗೆ ಇಟಲಿಯ ಎಟ್ನಾ ಕುಗ್ಗಿದ್ದನ್ನು ಹೀಗೆ ಅಳೆದ ವರದಿ 1995ರಲ್ಲಿ ಬಂತು. ಗಲಪಗೋಸ್ ದ್ವೀಪಗಳ ಸಿಯೆರಾ ನೆಗ್ರಾ ಜ್ವಾಲಾಮುಖಿಯದ್ದು ಇನ್ನೂ ದೊಡ್ಡ ಕಥೆ: 2005ರ ಸ್ಫೋಟದ ನಂತರ ಉಬ್ಬುತ್ತಲೇ ಹೋದ ಅದರ ನೆಲ, 2018ರಲ್ಲಿ ಮತ್ತೆ ಸಿಡಿಯುವಷ್ಟರಲ್ಲಿ ಆರು ಮೀಟರಿಗೂ ಹೆಚ್ಚು ಮೇಲೆದ್ದಿತ್ತು.

ತೊಡಕುಗಳಿವೆ. ಗಾಳಿಯಲ್ಲಿನ ನೀರಾವಿ ಅಲೆಯನ್ನು ತಡವಾಗಿಸಿ, ಇಲ್ಲದ ಚಲನೆಯನ್ನು ತೋರಿಸಬಲ್ಲದು. ಎತ್ತರದ ಬೆಟ್ಟಗಳಲ್ಲಿ ಈ ಕಾಟ ಹೆಚ್ಚು. ದಟ್ಟ ಕಾಡಿದ್ದರೆ ಗಿಡ್ಡ ಅಲೆಗಳು ಎಲೆಗಳಿಗೇ ತಾಗಿ ಮರಳುತ್ತವೆ, ಎಲೆಗಳೋ ದಿನದಿನವೂ ಬದಲಾಗುತ್ತವೆ. ಇಸ್ರೋ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಹಾರಿಸಿದ ನಿಸಾರ್ ಉಪಗ್ರಹದಲ್ಲಿ ಸುಮಾರು 24 ಸೆಂ.ಮೀ. ಉದ್ದದ ಅಲೆಯೂ ಇರುವುದು ಇದಕ್ಕೇ: ಅದು ಎಲೆಗಳ ನಡುವೆ ನುಸುಳಿ ನೆಲ ಮುಟ್ಟುತ್ತದೆ. ಕಾಡು ಹೊದ್ದ ಜ್ವಾಲಾಮುಖಿಗಳ ಮಟ್ಟಿಗೆ ಇದು ನಿಜಕ್ಕೂ ದೊಡ್ಡ ಹೆಜ್ಜೆ.

ಆದರೆ ಇನ್‌ಸಾರ್ ತೋರಿಸುವುದು ಊತವನ್ನು, ಸ್ಫೋಟದ ದಿನಾಂಕವನ್ನಲ್ಲ. ಅಮೆರಿಕದ ಓರೆಗಾನ್‌ನಲ್ಲಿ ಸೌತ್ ಸಿಸ್ಟರ್ ಪರ್ವತದ ಬಳಿ ನೆಲ ಉಬ್ಬುತ್ತಿರುವುದು 2001ರಲ್ಲಿ ಈ ವಿಧಾನದಿಂದಲೇ ಗೊತ್ತಾಯಿತು. ಅಲ್ಲಿ ಲಾವಾ ಇನ್ನೂ ಹೊರಬಂದಿಲ್ಲ.