ಗಾಳಿಯ ತಟ್ಟೆಯಲ್ಲಿ ಬೆಳೆದದ್ದು ಎಲ್ಲಿಂದ ಬಂತು?

ಆಹಾರ ತಯಾರಿಕಾ ಘಟಕದಲ್ಲಿ ಗಾಳಿಯ ಸೂಕ್ಷ್ಮಾಣು ಎಣಿಕೆ ಏರಿತೆಂದರೆ ಮೊದಲು ಅನುಮಾನ ಬೀಳುವುದು ಏರ್ ಫಿಲ್ಟರ್ ಮೇಲೆ. ಅದರ ಅಂಚಿನ ಸೀಲ್ ಬಿಟ್ಟಿರುವುದೂ ಉಂಟು, ನೋಡಬೇಕಾದದ್ದೇ. ಆದರೆ ಒದ್ದೆ ಕೆಲಸ ನಡೆಯುವ ಘಟಕಗಳಲ್ಲಿ ಮೊದಲು ಬಗ್ಗಿ ನೆಲ ನೋಡುವುದು ಲೇಸು. ಸೂಕ್ಷ್ಮಾಣುಗಳು ಗಾಳಿಯಲ್ಲಿ ಬೆಳೆಯುವುದಿಲ್ಲ, ತೇಲಿಕೊಂಡು ಸಾಗುತ್ತವೆ ಅಷ್ಟೆ. ಬೆಳೆಯಲು ನೀರು ಬೇಕು, ಆಹಾರದ ಜಿಡ್ಡು ಬೇಕು. ಎರಡೂ ಸಿಗುವುದು ಚರಂಡಿಯಲ್ಲಿ, ಬಿರುಕು ಬಿಟ್ಟ ಗ್ಯಾಸ್ಕೆಟ್ಟಿನಲ್ಲಿ, ಕನ್ವೇಯರ್‌ನ ಟೊಳ್ಳು ರೋಲರಿನೊಳಗೆ, ಕೂಲರಿನ ನೀರು ಸೋರಿ ನಿಲ್ಲುವ ಟ್ರೇಯಲ್ಲಿ.

ಅಲ್ಲಿಂದ ಅವನ್ನು ಮೇಲೆ ಹಾರಿಸುವುದು ಸಾಮಾನ್ಯವಾಗಿ ನಾವೇ, ಅದೂ ಸ್ವಚ್ಛಗೊಳಿಸುವ ಹೆಸರಿನಲ್ಲಿ. ಹೆಚ್ಚಿನ ಒತ್ತಡದ ಹೋಸ್ ಪೈಪನ್ನು ಚರಂಡಿಗೆ ತಿರುಗಿಸಿದರೆ ನೀರು ಸಣ್ಣ ಹನಿಗಳಾಗಿ ಸಿಡಿಯುತ್ತದೆ. ದಪ್ಪ ಹನಿ ಅಲ್ಲೇ ಬೀಳುತ್ತದೆ, ಸಣ್ಣದು ಒಣಗಿ ಇನ್ನೂ ಹಗುರವಾಗುತ್ತದೆ. ಅಲುಗಾಡದ ಗಾಳಿಯಲ್ಲಿ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಕಣ ಎರಡು ಮೀಟರ್ ಎತ್ತರದಿಂದ ಇಳಿಯಲು ಸುಮಾರು ಹತ್ತು ನಿಮಿಷ ಸಾಕು; 3 ಮೈಕ್ರಾನ್ ಕಣಕ್ಕೆ ಎರಡು ಗಂಟೆ ಹತ್ತಿರ ಬೇಕು. ಅಂದರೆ ತೊಳೆದು, ಸ್ಯಾನಿಟೈಸರ್ ಹಾಕಿ, ಮೇಜು ಹೊಳೆಯುತ್ತಿರುವಾಗಲೇ ಚರಂಡಿಯ ಸರಕು ಅದರ ಮೇಲೆ ಕೂರುತ್ತಿರುತ್ತದೆ. ಆದ್ದರಿಂದ ಚರಂಡಿಯ ಕೆಲಸ ಯಂತ್ರಗಳಿಗೆ ಸ್ಯಾನಿಟೈಸರ್ ಹಾಕುವ ಮುಂಚೆಯೇ ಮುಗಿಯಬೇಕು. ಅದಕ್ಕೆ ಬೇರೆಯೇ ಬಣ್ಣದ ಬ್ರಷ್, ಕಡಿಮೆ ಒತ್ತಡದ ನೀರು.

ಅದೇ ಲೆಕ್ಕ ಗಾಳಿಯ ಪರೀಕ್ಷೆಗೂ ಅನ್ವಯಿಸುತ್ತದೆ. ಅಗರ್ (ಸೂಕ್ಷ್ಮಾಣು ಬೆಳೆಸುವ ಲೋಳೆಯಂಥ ಪೋಷಕ) ತುಂಬಿದ 90 ಮಿ.ಮೀ. ತಟ್ಟೆಯನ್ನು ಹದಿನೈದು ನಿಮಿಷ ತೆರೆದಿಟ್ಟರೆ ಸಿಗುವುದು ಬಹುಪಾಲು ದಪ್ಪ ಕಣಗಳೇ. ಇದು ಅಗ್ಗದ, ಉಪಯುಕ್ತ ವಿಧಾನ, ಆದರೆ ಇಷ್ಟು ಗಾಳಿಯಲ್ಲಿ ಇಷ್ಟು ಸೂಕ್ಷ್ಮಾಣು ಎಂದು ಹೇಳಲಾರದು. ಅಂಥ ಅಂಕಿ ಬೇಕಿದ್ದರೆ ಗಾಳಿಯನ್ನು ಅಳೆದು ಎಳೆಯುವ ಸ್ಯಾಂಪ್ಲರ್ ಬೇಕು: ನಿಮಿಷಕ್ಕೆ 100 ಲೀಟರ್‌ನಂತೆ ಹತ್ತು ನಿಮಿಷ ನಡೆಸಿದರೆ ಒಂದು ಘನ ಮೀಟರ್.

ಇನ್ನು ಮೇಲ್ಮೈ. ತೊಳೆಯುವ ಕ್ರಮ ಎಲ್ಲರಿಗೂ ಬಾಯಿಪಾಠ: ಒಣ ಕಸ ತೆಗೆ, ನೀರು ಹಾಯಿಸು, ಡಿಟರ್ಜೆಂಟ್ ಹಾಕಿ ಉಜ್ಜು, ತೊಳೆ, ಕಣ್ಣಿಟ್ಟು ನೋಡು, ಆಮೇಲೆ ಸ್ಯಾನಿಟೈಸರ್. ಕೆಡುವುದು ವಿವರಗಳಲ್ಲಿ. ಮೊದಲ ನೀರು 60 ಡಿಗ್ರಿ ದಾಟಿದರೆ ಪ್ರೋಟೀನ್ ಬೆಂದು ಉಕ್ಕಿಗೆ ಅಂಟುತ್ತದೆ. ಆಹಾರದ ಕೊಬ್ಬು ಕರಗುವಷ್ಟು, 40–50 ಡಿಗ್ರಿ ಸಾಕು. ಜಿಡ್ಡು ಉಳಿದ ಜಾಗಕ್ಕೆ 200 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 200 ಭಾಗ) ಕ್ಲೋರಿನ್ ಸುರಿದರೂ ಅದು ಜಿಡ್ಡಿನೊಡನೆಯೇ ವರ್ತಿಸಿ ಮುಗಿದುಹೋಗುತ್ತದೆ, ಬಯೋಫಿಲ್ಮ್‌ನ (ಮೇಲ್ಮೈಗೆ ಅಂಟಿ ಬೆಳೆದ ಸೂಕ್ಷ್ಮಾಣುಗಳ ಲೋಳೆಪದರ) ಒಳಪದರ ಹಾಗೇ ಬದುಕಿರುತ್ತದೆ. ಎಣಿಕೆ ಏರಿದಾಗ ಸ್ಯಾನಿಟೈಸರ್ ಬ್ರ್ಯಾಂಡ್ ಬದಲಿಸುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಡಿಟರ್ಜೆಂಟಿನ ಹಂತ, ಉಜ್ಜಿದ ಸಮಯ, ಬಿಚ್ಚದೆ ಬಿಟ್ಟ ಭಾಗ, ಇವನ್ನು ನೋಡಿ ಮುಗಿಸಿದ ಮೇಲೆ ಬೇಕಾದರೆ ಅದನ್ನು ಯೋಚಿಸಬಹುದು.

ಸ್ವ್ಯಾಬ್ ತೆಗೆಯುವುದರಲ್ಲೂ, ಅಂದರೆ ಹತ್ತಿಕಡ್ಡಿಯಿಂದ ಮೇಲ್ಮೈ ಉಜ್ಜಿ ಮಾದರಿ ಪಡೆಯುವುದರಲ್ಲೂ, ನಮಗೇ ಗೊತ್ತಿಲ್ಲದೆ ಒಳ್ಳೆಯ ಫಲಿತಾಂಶ ತಯಾರಿಸಿಕೊಳ್ಳುವ ದಾರಿಗಳಿವೆ. ಸ್ಯಾನಿಟೈಸರ್ ಒದ್ದೆಯಿರುವಾಗ ಸಾದಾ ಲವಣ ದ್ರಾವಣದ ಸ್ವ್ಯಾಬ್ ಉಜ್ಜಿದರೆ ರಾಸಾಯನಿಕವೂ ಕೊಳವೆಯೊಳಗೆ ಹೋಗಿ, ಪ್ರಯೋಗಾಲಯ ತಲುಪುವವರೆಗೂ ಕೊಲ್ಲುತ್ತಲೇ ಇರುತ್ತದೆ. ಕ್ಲೋರಿನ್ ಬಳಸಿದ್ದರೆ ಅದರ ಶಕ್ತಿ ಮುರಿಯಲು ದ್ರಾವಣದಲ್ಲಿ ಸೋಡಿಯಂ ಥಯೋಸಲ್ಫೇಟ್ ಇರಲಿ. ಕ್ವಾಟ್ (ಕ್ವಾಟರ್ನರಿ ಅಮೋನಿಯಂ ಬಗೆಯ ಸ್ಯಾನಿಟೈಸರ್) ಬಳಸಿದ್ದರೆ ಲೆಸಿಥಿನ್ ಮತ್ತು ಪಾಲಿಸಾರ್ಬೇಟ್ 80. ಚೌಕಟ್ಟು ಇಟ್ಟು 10 × 10 ಸೆಂ.ಮೀ. ಜಾಗವನ್ನು ಅಡ್ಡಕ್ಕೂ ಉದ್ದಕ್ಕೂ ಒತ್ತಿ ಉಜ್ಜಿ. 10 ಮಿ.ಲೀ. ದ್ರಾವಣದಲ್ಲಿ ಒಂದು ಮಿ.ಲೀ. ತಟ್ಟೆಗೆ ಹಾಕಿ 30 ಕಾಲೊನಿ (ಕಣ್ಣಿಗೆ ಕಾಣುವ ಸೂಕ್ಷ್ಮಾಣು ಗುಂಪು) ಬಂದರೆ ಒಟ್ಟು 300, ಅಂದರೆ ಚದರ ಸೆಂಟಿಮೀಟರಿಗೆ 3.

ಆಹಾರದ ಮೂಲಕ ರೋಗ ತರುವ ಲಿಸ್ಟೀರಿಯ ಬ್ಯಾಕ್ಟೀರಿಯಾ ಹುಡುಕುವಾಗ ಈ ಚೌಕ ಸಾಲದು. ದೊಡ್ಡ ಸ್ಪಂಜಿನಲ್ಲಿ ಸಾಧ್ಯವಾದಷ್ಟು ಹೆಚ್ಚು ಜಾಗ ಒರೆಸಬೇಕು. ಸಮಯವೂ ಬೇರೆ. ತೊಳೆದ ತಕ್ಷಣ ತೆಗೆದ ಮಾದರಿ ತೊಳೆದದ್ದನ್ನಷ್ಟೇ ಹೇಳುತ್ತದೆ. ಕೆಲಸ ಶುರುವಾಗಿ ಎರಡು ಮೂರು ಗಂಟೆಯಾದ ಮೇಲೆ, ಯಂತ್ರದ ಅದುರಾಟಕ್ಕೆ ಸಂದಿಗೊಂದಿಯ ನೀರು ಹೊರಗೆ ಒಸರಿದಾಗ, ಅಡಗಿದ್ದು ಕೈಗೆ ಸಿಗುತ್ತದೆ. ಫ್ರಿಜ್ಜಿನ ತಂಪಿನಲ್ಲೂ ಬೆಳೆಯುವ ಜೀವಿ ಅದು. ಕೋಣೆ ತಣ್ಣಗಿದೆ ಎಂದು ನೆಚ್ಚುವಂತಿಲ್ಲ.

ಎಟಿಪಿ (ಜೀವಕೋಶಗಳಲ್ಲಿರುವ ಶಕ್ತಿಯ ಅಣು) ಅಳೆಯುವ ಮೀಟರ್ ಕೆಲವೇ ಸೆಕೆಂಡುಗಳಲ್ಲಿ ಅಂಕಿ ಕೊಡುತ್ತದೆ, ಸರಿ. ಆದರೆ ಅದು ಅಳೆಯುವ ಎಟಿಪಿಯಲ್ಲಿ ಆಹಾರದ ಶೇಷದ್ದೂ ಸೇರಿರುತ್ತದೆ. ಕಡಿಮೆ ಅಂಕಿ ಬಂತೆಂದು ಲಿಸ್ಟೀರಿಯ ಇಲ್ಲ ಎನ್ನಲಾಗದು. ಒಂದು ಕಂಪನಿಯ ಮೀಟರಿನ ಮಿತಿಯನ್ನು ಇನ್ನೊಂದಕ್ಕೆ ಹಚ್ಚಲೂ ಬಾರದು.

ಪುಡಿ ತಯಾರಿಸುವ ಒಣ ಘಟಕದಲ್ಲಿ ಮಾತ್ರ ಇದೆಲ್ಲ ತಿರುಗುಮುರುಗು. ಅಲ್ಲಿ ನೀರೇ ಅಪಾಯ. ಒಣ ಧೂಳಿನಲ್ಲಿ ತಿಂಗಳುಗಟ್ಟಲೆ ಸುಮ್ಮನಿರುವ, ರೋಗ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಒಂದು ಹಿಡಿ ಒದ್ದೆ ಪುಡಿ ಸಿಕ್ಕರೆ ಬೆಳೆಯತೊಡಗುತ್ತದೆ. ಅಲ್ಲಿ ಹೋಸ್ ಬೇಡ, ಧೂಳೆಬ್ಬಿಸುವ ಕಂಪ್ರೆಸ್ಡ್ ಗಾಳಿಯೂ ಬೇಡ. ಕೆರೆಯುವ ಸಲಾಕೆ, ಹೆಪಾ ಫಿಲ್ಟರಿನ (ಅತಿ ಸಣ್ಣ ಕಣವನ್ನೂ ಹಿಡಿಯುವ ಫಿಲ್ಟರ್) ವ್ಯಾಕ್ಯೂಮ್ ಸಾಕು. ಚಾವಣಿ ಸೋರಿದರೆ ಒರೆಸಿ ಬಿಡುವಂತಿಲ್ಲ: ಲೈನ್ ನಿಲ್ಲಿಸಿ, ಒದ್ದೆ ಪುಡಿ ಪೂರ್ತಿ ತೆಗೆದು, ಜಾಗ ಒಣಗಿಸಿ, ಸುತ್ತಲಿನ ಮಾದರಿ ತೆಗೆದ ಮೇಲೆಯೇ ಮತ್ತೆ ಚಾಲೂ ಮಾಡಬೇಕು.