ಮೆಥಡೋನ್ ರೋಗಿಯ ಹಲ್ಲು, ಹೃದಯ, ಹೊಟ್ಟೆ: ಒಂದು ಅಧ್ಯಯನ ಟಿಪ್ಪಣಿ

ಹೆರಾಯಿನ್‌ನಂಥ ಓಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ ದ್ರವ್ಯ) ಚಟ ಹಿಡಿದವರಿಗೆ ವೈದ್ಯರ ನಿಗಾದಲ್ಲಿ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಅನ್ನು ವರ್ಷಗಟ್ಟಲೆ ಕೊಡುವುದೇ ನಿರ್ವಹಣಾ ಚಿಕಿತ್ಸೆ. ಇದರಿಂದ ಸಾವು ಕಡಿಮೆಯಾಗುತ್ತದೆ ಎಂಬುದರಲ್ಲಿ ತಕರಾರಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇವೆರಡನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಓದುವಾಗ ನಾವು ಡೋಸ್ ಲೆಕ್ಕದಲ್ಲೇ ಮುಳುಗಿ, ಆ ಡೋಸ್ ನುಂಗುವ ದೇಹವನ್ನು ಮರೆಯುತ್ತೇವೆ. ಈ ಟಿಪ್ಪಣಿ ಅದಕ್ಕಾಗಿ.

ಮೊದಲು ನನ್ನನ್ನು ಗೊಂದಲಕ್ಕೆ ಕೆಡವಿದ್ದು ನೋವು. ಹೆರಾಯಿನ್ ಬಿಟ್ಟು ಸುಧಾರಿಸಿದ ಮೇಲೆ ರೋಗಿಗೆ ಹಲ್ಲುನೋವು, ಕೆಮ್ಮು ಹೊಸದಾಗಿ ಶುರುವಾದಂತೆ ಕಾಣುತ್ತದಲ್ಲ, ಏಕೆ? ಹೊಸದೇನಲ್ಲ. ನೋವನ್ನೂ ಕೆಮ್ಮನ್ನೂ ಓಪಿಯಾಯ್ಡ್ ಅದುಮಿಟ್ಟಿತ್ತು. ಮೆಥಡೋನ್ ಕೂಡ ಓಪಿಯಾಯ್ಡೇ ತಾನೇ ಎಂದರೆ, ಅದು ವಿತ್‌ಡ್ರಾವಲ್ (ಚಟದ ವಸ್ತು ಸಿಗದಾಗ ದೇಹ ಪಡುವ ಯಾತನೆ) ತಡೆಯುವುದು ದಿನಪೂರ್ತಿ. ನೋವು ತಗ್ಗಿಸುವುದು ಕೆಲವೇ ಗಂಟೆ. ಮೇಲಾಗಿ ದೇಹ ಅದಕ್ಕೆ ಒಗ್ಗಿಹೋಗಿರುತ್ತದೆ. ಹಾಗಾಗಿ ಆಪರೇಷನ್ ಆದವರಿಗೆ 'ಮೆಥಡೋನ್ ಇದೆಯಲ್ಲ, ಸಾಕು' ಎನ್ನುವುದು ತಪ್ಪು. ದಿನದ ಡೋಸ್ ಮುಂದುವರಿಸಿ, ನೋವಿಗೆ ಬೇರೆಯೇ ಔಷಧಿ ಕೊಡಬೇಕು.

ಹೃದಯದ ವಿಷಯ ಪರೀಕ್ಷೆಗೆ ಬರುತ್ತದೆ, ಬಾಯಿಪಾಠ ಮಾಡಿ: ಮೆಥಡೋನ್ ಹೃದಯದ ಪೊಟ್ಯಾಸಿಯಂ ಚಾನೆಲ್ ತಡೆದು ಇಸಿಜಿಯಲ್ಲಿ ಕ್ಯೂಟಿ ಅಂತರವನ್ನು (ಪ್ರತಿ ಬಡಿತದಲ್ಲಿ ಹೃದಯದ ಕೆಳಕೋಣೆಗಳು ವಿದ್ಯುತ್ ಚಾಲನೆಗೊಂಡು ಮತ್ತೆ ಸಜ್ಜಾಗಲು ಹಿಡಿಯುವ ಹೊತ್ತು) ಉದ್ದ ಮಾಡುತ್ತದೆ. ಬಡಿತದ ವೇಗಕ್ಕೆ ತಕ್ಕಂತೆ ಸರಿಪಡಿಸಿದ ಕ್ಯೂಟಿ 500 ಮಿಲಿಸೆಕೆಂಡ್ ದಾಟಿದರೆ ಬಡಿತ ಏರುಪೇರಾಗಿ ಜೀವಕ್ಕೇ ಅಪಾಯ. ವಾಂತಿಭೇದಿಯಿಂದ ಪೊಟ್ಯಾಸಿಯಂ ಇಳಿದಿದ್ದರೆ ಇನ್ನೂ ಕಷ್ಟ. ಬ್ಯುಪ್ರೆನಾರ್ಫಿನ್‌ನಲ್ಲಿ ಈ ಕಾಟ ತೀರಾ ಕಡಿಮೆ.

ಈ ಔಷಧಿಗಳಿಂದಾಗುವ ಮಲಬದ್ಧತೆ ಬಗ್ಗೆ ರೋಗಿ ತಾನಾಗಿ ಬಾಯಿ ಬಿಡುವುದಿಲ್ಲ, ನಾವೇ ಕೇಳಬೇಕು. ಉಳಿದ ಅಡ್ಡಪರಿಣಾಮಗಳಿಗೆ ದೇಹ ಒಗ್ಗಬಹುದು, ಇದಕ್ಕೆ ಒಗ್ಗುವುದು ಬಹಳ ಕಡಿಮೆ. ಪುರುಷರಲ್ಲಿ ಟೆಸ್ಟೋಸ್ಟಿರಾನ್ (ಪುರುಷ ಹಾರ್ಮೋನು) ಇಳಿದು ಸುಸ್ತು, ಲೈಂಗಿಕ ನಿರಾಸಕ್ತಿ ಬಂದರೆ 'ಖಿನ್ನತೆ' ಎಂದು ಬರೆದು ಕೈತೊಳೆದುಕೊಳ್ಳಬೇಡಿ.

ಹಲ್ಲಿನದು ಬೇರೆ ಕಥೆ. ಬಾಯಿ ಒಣಗುವುದರಿಂದ ಹುಳುಕು ಬೇಗ ಹತ್ತುತ್ತದೆ. ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಎಚ್ಚರಿಕೆ ಕೊಟ್ಟಿತು: ಮಾತ್ರೆ ಕರಗಿದ ಮೇಲೆ ನೀರು ಮುಕ್ಕಳಿಸಿ ನುಂಗಬೇಕು, ಹಲ್ಲುಜ್ಜಲು ಒಂದು ಗಂಟೆಯಾದರೂ ಕಾಯಬೇಕು.

ಸೂಜಿ ಹಂಚಿಕೊಂಡವರಲ್ಲಿ ಹೆಪಟೈಟಿಸ್ ಸಿ (ಯಕೃತ್ತಿನ ವೈರಸ್ ಸೋಂಕು) ಸಾಮಾನ್ಯ. ಈಗಿನ ಮಾತ್ರೆಗಳಿಂದ 8ರಿಂದ 12 ವಾರದಲ್ಲಿ ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ. 'ಮೊದಲು ಚಟ ಬಿಡಲಿ, ಆಮೇಲೆ ನೋಡೋಣ' ಎಂಬ ಹಳೆಯ ವಾದಕ್ಕೆ ನನ್ನ ಮಟ್ಟಿಗೆ ಅರ್ಥವೇ ಇಲ್ಲ.

ಕೊನೆಗೊಂದು ಕಲ್ಪಿತ ಕೇಸು. 90 ಮಿಲಿಗ್ರಾಂ ಮೆಥಡೋನ್ ಮೇಲೆ ನೆಮ್ಮದಿಯಾಗಿದ್ದವನಿಗೆ ಕ್ಷಯ ಪತ್ತೆಯಾಗಿ ರಿಫಾಂಪಿಸಿನ್ ಶುರುವಾಯಿತು. ವಾರ ಕಳೆಯುವಷ್ಟರಲ್ಲಿ ಆಕಳಿಕೆ, ಮೂಗು ಸೋರಿಕೆ, ಮೈಯೆಲ್ಲ ಮುಳ್ಳು, ನಿದ್ದೆಯಿಲ್ಲ. 'ಇನ್ನೂ ಡೋಸ್ ಬೇಕಂತೆ, ನಾಟಕ' ಅನ್ನುತ್ತಾರೆ ಸುತ್ತಲಿನವರು. ನಾಟಕವಲ್ಲ, ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕು ಮಾಡಿ ಮೆಥಡೋನ್ ಅನ್ನು ಬೇಗ ಕರಗಿಸಿಬಿಟ್ಟಿದೆ. ಡೋಸ್ ಏರಿಸಬೇಕು. ರಿಫಾಂಪಿಸಿನ್ ಮುಗಿದಾಗ ನಿಧಾನವಾಗಿ ಇಳಿಸಲೂ ಬೇಕು; ಮರೆತರೆ ಅದೇ ಡೋಸ್ ಉಸಿರು ಕಟ್ಟಿಸುತ್ತದೆ.