ಕ್ಯಾನನ್ ಎಂದರೆ ಫಿರಂಗಿಯಲ್ಲ, ಕಾದಂಬರಿಯೂ ಅಲ್ಲ

ಕರಡು ತಿದ್ದುವವರಿಗೆ ಕೆಲಸದ ನಡುವೆ ನಗುವ ಅವಕಾಶ ಸಿಗುವುದು ಅಪರೂಪ. ಈಚೆಗೆ ಒಂದು ಸಿಕ್ಕಿತು. ಮರುಭೂಮಿ ಗ್ರಹವೊಂದರ ಕಾದಂಬರಿಯಿಂದ ಬಂದ ‘ಡ್ಯೂನ್’ ಚಿತ್ರದ ಮೂರನೆಯ ಭಾಗದ ನಿರೀಕ್ಷೆಯಲ್ಲಿ ಎರಡನೆಯ ಭಾಗವನ್ನು ಮತ್ತೆ ನೋಡಿ, ಚಿತ್ರ ಕಾದಂಬರಿಯಂತಿಲ್ಲ ಎಂಬ ಅಭಿಮಾನಿಗಳ ಮುನಿಸಿನ ಬಗ್ಗೆ ಯುವ ಲೇಖಕರೊಬ್ಬರು ಬರೆದ ಲೇಖನ ನನ್ನ ಮೇಜಿಗೆ ಬಂದಿತ್ತು. ಅದರ ಎರಡನೆಯ ಪುಟದಲ್ಲಿ ಈ ವಾಕ್ಯ: “ಚಾನಿ ಪಾಲ್‌ನನ್ನು ತೊರೆದು ಹೋಗುವ ಕೊನೆಯ ದೃಶ್ಯ ಡ್ಯೂನ್ ಫಿರಂಗಿಗೆ ಸೇರುವುದಿಲ್ಲ.” (ಪಾಲ್ ಕಥೆಯ ನಾಯಕ, ಚಾನಿ ಅವನ ಪ್ರೇಯಸಿ.)

ಇಂಗ್ಲಿಷಿನಲ್ಲಿ ಒಂದು ‘ಎನ್’ ಹೆಚ್ಚಾದರೆ ಕ್ಯಾನನ್ ತೋಪಾಗುತ್ತದೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಕ್ಯಾನನ್. ಹಾಗಾಗಿ ಯಂತ್ರ ಅನುವಾದಿಸಿತೋ, ನಿದ್ದೆಗಣ್ಣಿನಲ್ಲಿ ಲೇಖಕರೇ ಅನುವಾದಿಸಿದರೋ, ಫಿರಂಗಿಯನ್ನು ನಾನು ಕ್ಷಮಿಸಿದೆ. ಅದನ್ನು ಹೊಡೆದುಹಾಕಿ ‘ಕ್ಯಾನನ್’ ಎಂದು ತಿದ್ದಿದೆ, ಅಂದರೆ ಒಂದು ಕಥಾಲೋಕದಲ್ಲಿ ಲೆಕ್ಕಕ್ಕೆ ಹಿಡಿಯುವ ಕೃತಿಗಳು. ಓದಿದರೆ ವಾಕ್ಯ ಆಗಲೂ ತಪ್ಪಾಗಿಯೇ ಇತ್ತು. ಕಾದಂಬರಿಯಂತಿಲ್ಲದ ಚಿತ್ರವನ್ನು ‘ಕ್ಯಾನನ್ ಅಲ್ಲ’ ಎನ್ನುವ ಈ ತಪ್ಪಿಗೆ ಕ್ಷಮೆ ಇಲ್ಲ, ಏಕೆಂದರೆ ಇದನ್ನು ಈಗ ಎಲ್ಲರೂ ಮಾಡುತ್ತಿದ್ದಾರೆ.

ಮೊದಲು ಫಿರಂಗಿಯ ಲೆಕ್ಕ ಮುಗಿಸೋಣ. ಲೇಖಕರು ತಪ್ಪುವ ಭರದಲ್ಲಿ ತಮಗೆ ಗೊತ್ತಿಲ್ಲದ ಒಂದು ಹಳೆಯ ನಂಟನ್ನು ಎಡವಿದ್ದರು. ಎರಡು ಪದಗಳೂ ಒಂದೇ ಗಿಡದಿಂದ ಬಂದವು. ಆ ಗಿಡ ಕೆರೆಯಂಚಿನ ಜೊಂಡು. ಅಕ್ಕಾಡಿಯನ್ ಭಾಷೆಯಲ್ಲಿ ಜೊಂಡಿಗೆ ‘ಕನೂ’, ಹೀಬ್ರೂವಿನಲ್ಲಿ ‘ಕನೆ’. ಗ್ರೀಕರು ಇದನ್ನು ‘ಕನ್ನ’ ಎಂದು ಎರವಲು ಪಡೆದರು. (ಕನ್ನಡಕ್ಕೂ ಇದಕ್ಕೂ ಸಂಬಂಧ ಹೊಲಿಯಲು ಹೊರಡುವವರು ದಯವಿಟ್ಟು ಇಲ್ಲೇ ನಿಲ್ಲಿ.) ಜೊಂಡಿನಲ್ಲಿ ಎರಡು ಗುಣಗಳಿವೆ: ಅದು ನೆಟ್ಟಗೆ ಬೆಳೆಯುತ್ತದೆ, ಒಳಗೆ ಟೊಳ್ಳಾಗಿರುತ್ತದೆ. ಪದದ ವಂಶ ಕವಲೊಡೆದದ್ದು ಈ ಎರಡು ಗುಣಗಳ ಜಾಗದಲ್ಲಿಯೇ.

ಟೊಳ್ಳಿನ ಕವಲು ಲ್ಯಾಟಿನ್ನಿನ ಮೂಲಕ ಹೋಯಿತು. ಇಟಲಿಯವರು ‘ಕನ್ನ’ಕ್ಕೆ ಗಾತ್ರ ಹೆಚ್ಚಿಸುವ ಪ್ರತ್ಯಯ ಹಚ್ಚಿ ‘ಕನ್ನೋನೆ’ ಎಂದರು, ಅಂದರೆ ದೊಡ್ಡ ಕೊಳವೆ. ತೋಪಿನ ಕ್ಯಾನನ್ ಹುಟ್ಟಿದ್ದು ಹಾಗೆ. ನೀರು ಹರಿಯುವ ಕೆನಾಲು, ಟೀವಿಯ ಚಾನೆಲ್ಲು, ಷುಗರ್ ಕೇನ್‌ನ ಕೇನ್ ಎಲ್ಲವೂ ಅದೇ ಮನೆಯವು. ನಮ್ಮ ‘ಫಿರಂಗಿ’ ಮಾತ್ರ ಬೇರೆ ಊರಿನದು. ಅದು ಫ್ರಾಂಕರಿಂದ, ಎಂದರೆ ಪಶ್ಚಿಮದ ಪರಂಗಿಯವರಿಂದ ಬಂದ ಹೆಸರು.

ನೆಟ್ಟಗಿನ ಕವಲೇ ನಮಗೆ ಬೇಕಾದದ್ದು. ನೆಟ್ಟಗಿರುವ ಕೋಲು ಬಡಗಿಯ ಕೈಯಲ್ಲಿ ಅಳತೆಗೋಲಾಯಿತು. ಗ್ರೀಕರು ಅದನ್ನು ‘ಕನೋನ್’ ಎಂದರು. ಕೋಲಿನಿಂದ ಅಳತೆ, ಅಳತೆಯಿಂದ ನಿಯಮ. ಕ್ರಿಸ್ತಪೂರ್ವ ಐದನೆಯ ಶತಮಾನದ ಶಿಲ್ಪಿ ಪಾಲಿಕ್ಲೀಟಸ್ ಮನುಷ್ಯದೇಹದ ಅಂಗಾಂಗಗಳ ಪ್ರಮಾಣದ ಬಗ್ಗೆ ಬರೆದ ಗ್ರಂಥದ ಹೆಸರೇ ‘ಕನೋನ್’. ಆ ಪದವನ್ನು ಅರಬ್ಬರು ‘ಕಾನೂನ್’ ಮಾಡಿಕೊಂಡರು. ಅಲ್ಲಿಂದ ಪರ್ಷಿಯನ್, ಉರ್ದು, ಕೊನೆಗೆ ನಮ್ಮ ತಾಲ್ಲೂಕು ಕಚೇರಿ. ಹೌದು, ‘ಕಾನೂನು’ ಮತ್ತು ‘ಕ್ಯಾನನ್’ ಒಂದೇ ಪದ. ಒಂದು ಅರಬ್ಬಿ ಸಮುದ್ರದ ಕಡೆಯಿಂದ ಬಂದು ಶತಮಾನಗಳಾದವು, ಇನ್ನೊಂದು ಇಂಗ್ಲಿಷ್ ಸಿನಿಮಾದ ಬೆನ್ನು ಹತ್ತಿ ಮೊನ್ನೆ ಇಳಿಯಿತು. ಅಕ್ಕತಂಗಿಯರು ಒಂದೇ ಊರಿನಲ್ಲಿದ್ದರೂ ಪರಿಚಯವಿಲ್ಲ.

ಕ್ಯಾಮೆರಾದ ಕ್ಯಾನನ್ ಇನ್ನೂ ಒಂದು ಗೋಜಲು. ಆ ಕಂಪನಿಯ ಮೊದಲ ಮಾದರಿಯ ಹೆಸರು ‘ಕ್ವಾನನ್’. ಅದು ಅವಲೋಕಿತೇಶ್ವರನಿಗೆ ಜಪಾನಿನಲ್ಲಿರುವ ಹೆಸರು. 1930ರ ದಶಕದಲ್ಲಿ ಅದನ್ನು ಕ್ಯಾನನ್ ಎಂದು ಬದಲಿಸಿದರು. ಅಲ್ಲಿ ಮೂಲದಲ್ಲಿರುವುದು ಜೊಂಡಲ್ಲ, ಬೋಧಿಸತ್ವ.

ಈಗ ಅರ್ಥಕ್ಕೆ ಬರೋಣ. ಅಳತೆಗೋಲು ಪುಸ್ತಕದ ಪಟ್ಟಿಯಾದದ್ದು ಚರ್ಚಿನಲ್ಲಿ. ಯಾವ ಗ್ರಂಥಗಳು ಬೈಬಲ್ಲಿನ ಒಳಗೆ, ಯಾವುವು ಹೊರಗೆ ಎಂಬ ಜಗಳ ಬಹುಕಾಲ ನಡೆಯಿತು. ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಷಿಯಸ್ 367ರಲ್ಲಿ ಬರೆದ ಪತ್ರವೊಂದರಲ್ಲಿ ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ಪಟ್ಟಿ ಮಾಡಿದ. ಇಂದಿಗೂ ಆ 27 ಹಾಗೆಯೇ ಇವೆ. ಪದ ಅಭಿಮಾನಿಗಳ ಬಾಯಿಗೆ ಬಂದದ್ದು ಷರ್ಲಾಕ್ ಹೋಮ್ಸ್‌ನಿಂದ. ಮುಂದೆ ಪಾದ್ರಿಯಾದ ರೊನಾಲ್ಡ್ ನಾಕ್ಸ್ 1911ರಲ್ಲಿ ಒಂದು ಪ್ರಬಂಧ ಓದಿದ. ಬೈಬಲ್ ವಿದ್ವಾಂಸರು ಸುವಾರ್ತೆಗಳನ್ನು ಸೀಳಿ ನೋಡುವ ಗಾಂಭೀರ್ಯದಲ್ಲೇ ಅವನು ಪತ್ತೇದಾರಿ ಕಥೆಗಳನ್ನು ಸೀಳಿದ. ತಮಾಷೆಗೆ ಮಾಡಿದ್ದು. ಅಭಿಮಾನಿಗಳು ತಮಾಷೆಯನ್ನು ಕೈಬಿಟ್ಟು ಪದವನ್ನು ಇಟ್ಟುಕೊಂಡರು. ಹೋಮ್ಸ್‌ನನ್ನು ಸೃಷ್ಟಿಸಿದ ಡಾಯ್ಲ್ ಬರೆದ ನಾಲ್ಕು ಕಾದಂಬರಿ, 56 ಕಥೆಗಳು ಕ್ಯಾನನ್. ಉಳಿದವರು ಬರೆದದ್ದೆಲ್ಲ ಹೊರಗೆ.

ಒಂದು ಕಥಾಲೋಕದಲ್ಲಿ ಹಲವು ಕೃತಿಗಳು, ಹಲವು ಕೈಗಳು ಇದ್ದಾಗ, ಅವುಗಳಲ್ಲಿ ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ಪ್ರಶ್ನೆಗೆ ಉತ್ತರವೇ ಕ್ಯಾನನ್. ಹೋಮ್ಸ್ ವಿಷಯದಲ್ಲಿ ಓದುಗರು ಉತ್ತರಿಸಿದರು. ಸ್ಟಾರ್ ವಾರ್ಸ್ ಚಿತ್ರಸರಣಿಯ ವಿಷಯದಲ್ಲಿ 2014ರ ಏಪ್ರಿಲ್‌ನಲ್ಲಿ ಅದನ್ನು ತಯಾರಿಸುವ ಕಂಪನಿಯೇ ಉತ್ತರಿಸಿತು: ದಶಕಗಳಿಂದ ಬಂದಿದ್ದ ಕಾದಂಬರಿಗಳನ್ನೂ ಕಾಮಿಕ್ಸ್‌ಗಳನ್ನೂ ‘ದಂತಕಥೆಗಳು’ ಎಂದು ಹೆಸರಿಸಿ ಪಕ್ಕಕ್ಕೆ ಸರಿಸಿತು. ಅವುಗಳನ್ನು ಓದಿ ಬೆಳೆದವರ ಗೋಳು ನ್ಯಾಯವಾದದ್ದು, ಅಲ್ಲಿ ಅವರು ಬಳಸಿದ ಪದವೂ ಸರಿ.

ಆದರೆ ಚಿತ್ರ ಕಾದಂಬರಿಯಂತಿಲ್ಲ ಎಂಬ ದೂರಿಗೂ ಕ್ಯಾನನ್ನಿಗೂ ಏನು ಸಂಬಂಧ? ಫ್ರಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ಕಾದಂಬರಿ ಒಂದು ಕೃತಿ. ಡೆನಿ ವಿಲ್ನೆವ್ 2021 ಮತ್ತು 2024ರಲ್ಲಿ ತೆರೆಗೆ ತಂದದ್ದು ಇನ್ನೊಂದು. ಎರಡನೆಯದು ಮೊದಲನೆಯದರ ಮುಂದುವರಿಕೆಯಲ್ಲ, ರೂಪಾಂತರ. ಪಕ್ಕದ ಮನೆಯವರು ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಇಲ್ಲ ಎಂದು ಯಾರೂ ಗೊಣಗುವುದಿಲ್ಲ. ಇಲ್ಲಿ ಕೇಳಬೇಕಾದದ್ದು ನಿಷ್ಠೆಯ ಪ್ರಶ್ನೆ: ಮೂಲಕ್ಕೆ ಎಷ್ಟು ಹತ್ತಿರ, ದೂರ ಹೋಗಿದ್ದರೆ ಏಕೆ, ಹೋಗಿ ಏನು ಸಿಕ್ಕಿತು. ‘ಕ್ಯಾನನ್ ಅಲ್ಲ’ ಎಂದುಬಿಟ್ಟರೆ ಈ ಮೂರನ್ನೂ ಕೇಳುವ ಶ್ರಮ ತಪ್ಪುತ್ತದೆ. ‘ನನಗೆ ಹಿಡಿಸಲಿಲ್ಲ’ ಎಂಬ ಸಾದಾ ಮಾತಿಗೆ ಕರಿ ಕೋಟು ತೊಡಿಸಿ ಕೋರ್ಟಿಗೆ ಕಳಿಸಿದಂತಾಗುತ್ತದೆ.

ಚಾನಿಯನ್ನೇ ನೋಡಿ. ಕಾದಂಬರಿಯ ಕೊನೆಯಲ್ಲಿ ಪಾಲ್ ಸಿಂಹಾಸನಕ್ಕಾಗಿ ಚಕ್ರವರ್ತಿಯ ಮಗಳನ್ನು ಮದುವೆಯಾಗಲು ನಿರ್ಧರಿಸುತ್ತಾನೆ. ಚಾನಿ ಅಲ್ಲೇ ನಿಂತಿರುತ್ತಾಳೆ. ಇತಿಹಾಸ ನಮ್ಮನ್ನೇ ಹೆಂಡತಿಯರೆಂದು ಕರೆಯುತ್ತದೆ ಎಂದು ಪಾಲ್‌ನ ತಾಯಿ ಅವಳಿಗೆ ಹೇಳುವ ಮಾತಿನಲ್ಲಿ ಪುಸ್ತಕ ಮುಗಿಯುತ್ತದೆ. ಚಿತ್ರದಲ್ಲಿ ಎಲ್ಲರೂ ಪಾಲ್‌ಗೆ ಮಂಡಿಯೂರುವಾಗ ಅವಳು ಊರುವುದಿಲ್ಲ. ಹೊರಗೆ ನಡೆದು, ಮರಳಿನ ಮೇಲೆ ಒಬ್ಬಳೇ ನಿಂತು ಸವಾರಿಗೆ ದೈತ್ಯ ಮರಳುಹುಳವನ್ನು ಕರೆಯುತ್ತಾಳೆ. ಕೊನೆಗೆ ತೆರೆಯ ಮೇಲೆ ಉಳಿಯುವುದು ಅವಳ ಮುಖ. ಇದು ಸಣ್ಣ ಬದಲಾವಣೆಯಲ್ಲ, ಕಥೆಯ ತಕ್ಕಡಿಯನ್ನೇ ಇನ್ನೊಂದು ಬದಿಗೆ ವಾಲಿಸಿದ್ದು. ಇದಕ್ಕೆ ನಿರ್ದೇಶಕರು ಕೊಟ್ಟ ಕಾರಣವೂ ಕುತೂಹಲದ್ದು. ಪಾಲ್‌ನನ್ನು ಓದುಗರು ವೀರನೆಂದು ಪೂಜಿಸಿದ್ದು ಹರ್ಬರ್ಟನಿಗೇ ಬೇಸರ ತಂದಿತ್ತು. ಅವನು ಬರೆಯಲು ಹೊರಟದ್ದು ವೀರರ ಬಗ್ಗೆ ಎಚ್ಚರಿಕೆಯನ್ನು. ಆ ಎಚ್ಚರಿಕೆಗೆ ಚಿತ್ರದಲ್ಲಿ ಒಂದು ಮುಖ ಬೇಕಿತ್ತು, ಅದನ್ನು ಚಾನಿಗೆ ಕೊಟ್ಟರು. ಅಂದರೆ ಲೇಖಕನ ಉದ್ದೇಶಕ್ಕೆ ನಿಷ್ಠರಾಗಲು ಅವನ ಕಥೆಗೆ ದ್ರೋಹ ಮಾಡಿದರು. ಒಪ್ಪಬಹುದು, ಬಿಡಬಹುದು. ನನಗಂತೂ ಇದು ಒಳ್ಳೆಯ ದ್ರೋಹವೆನಿಸುತ್ತದೆ.

ಪಾಲ್‌ನ ತಂಗಿ ಆಲಿಯಾಳ ವಿಷಯದಲ್ಲಿ ನಾನು ಮುನಿದವರ ಪಕ್ಷ. ಪುಸ್ತಕದಲ್ಲಿ ನಾಲ್ಕು ವರ್ಷವೂ ಸರಿಯಾಗಿ ತುಂಬಿರದ, ಮುದುಕಿಯಂತೆ ಮಾತಾಡುವ ಆ ಹುಡುಗಿ ವಿಷದ ಸೂಜಿಯಿಂದ ಮನೆತನದ ವೈರಿ ಬ್ಯಾರನ್‌ನನ್ನು ಕೊಲ್ಲುತ್ತಾಳೆ. ಚಿತ್ರದಲ್ಲಿ ಅವಳಿನ್ನೂ ತಾಯಿಯ ಗರ್ಭದಲ್ಲಿದ್ದಾಳೆ, ಬ್ಯಾರನ್‌ನನ್ನು ಪಾಲ್‌ನೇ ಕೊಲ್ಲುತ್ತಾನೆ. ವರ್ಷಗಳ ಕಥೆಯನ್ನು ಒಂದು ಬಸಿರಿನ ಅವಧಿಗಿಂತ ಕಡಿಮೆಗೆ ಹಿಸುಕಿದ ಪರಿಣಾಮ. ಇಡೀ ಪುಸ್ತಕದ ಅತಿ ವಿಲಕ್ಷಣ ಪಾತ್ರ ಹೀಗೆ ಕೈತಪ್ಪಿತು. ಇದು ನಷ್ಟ, ನಷ್ಟವೆಂದೇ ಹೇಳಿ. ‘ಜಿಹಾದ್’ ಎಂದು ಹರ್ಬರ್ಟ್ ಕೂಗಿ ಕೂಗಿ ಬರೆದ ಕಡೆಯಲ್ಲಿ ಚಿತ್ರ ‘ಪವಿತ್ರ ಯುದ್ಧ’ ಎಂದು ಮೆಲ್ಲಗೆ ಹೇಳಿದ್ದು ಪುಕ್ಕಲುತನ; ಪುಕ್ಕಲುತನವೆಂದೇ ಹೇಳಿ. ಗ್ರಹದ ಪರಿಸರವಿಜ್ಞಾನಿ ಲಿಯೆಟ್ ಕೈನ್ಸ್‌ನನ್ನು ಹೆಣ್ಣು ಮಾಡಿದ್ದರಿಂದ ಏನೂ ಕೆಡಲಿಲ್ಲ, ಅದರ ಬಗ್ಗೆ ನಡೆದ ರಂಪ ನೋಡಿ ಸುಸ್ತಾಯಿತು.

ಇದೇ ಕಾದಂಬರಿಯಿಂದ ಡೇವಿಡ್ ಲಿಂಚ್ ತೆಗೆದ 1984ರ ಚಿತ್ರದ ಕೊನೆಯಲ್ಲಿ ಮಳೆ ಸುರಿಯುತ್ತದೆ. ನೀರು ತಗುಲಿದರೆ ಸಾಯುವ ಹುಳಗಳ ಗ್ರಹದಲ್ಲಿ, ಆ ಹುಳಗಳಿಂದಲೇ ಸಾಮ್ರಾಜ್ಯ ನಡೆಯುವ ಕಥೆಯಲ್ಲಿ, ನಾಯಕ ಗೆದ್ದನೆಂದು ಮಳೆ! ಇದನ್ನಾದರೂ ಕ್ಯಾನನ್ ಭಂಗ ಎನ್ನಬಹುದಲ್ಲ ಎಂದು ಕೇಳುವವರಿದ್ದಾರೆ. ಬೇಡ. ಕಥೆ ತಾನೇ ಹಾಕಿಕೊಂಡ ನಿಯಮವನ್ನು ತಾನೇ ಮುರಿದರೆ ಅದಕ್ಕೆ ಅಸಂಗತಿ ಎಂಬ ಹೆಸರಿದೆ.

ಹಾಗಾದರೆ ಡ್ಯೂನ್‌ಗೆ ಕ್ಯಾನನ್ ಜಗಳವೇ ಇಲ್ಲವೇ? ಇದೆ, ಜೋರಾಗಿಯೇ ಇದೆ. ಹರ್ಬರ್ಟ್ ಆರು ಕಾದಂಬರಿ ಬರೆದು 1986ರಲ್ಲಿ ತೀರಿಕೊಂಡ. 1999ರಿಂದ ಅವನ ಮಗ ಬ್ರಯಾನ್, ಕೆವಿನ್ ಆಂಡರ್ಸನ್ ಜೊತೆ ಸೇರಿ ಹಿಂದಿನ ಕಥೆ, ಮುಂದಿನ ಕಥೆ, ನಡುವಿನ ಕಥೆ ಎಂದು ಬರೆಯುತ್ತ ಬಂದಿದ್ದಾರೆ. ಹಕ್ಕು ಕುಟುಂಬದ್ದು, ಆದ್ದರಿಂದ ಅವು ಅಧಿಕೃತ. ಆರಕ್ಕೇ ನಿಲ್ಲುವ ಓದುಗರಿಗೆ ಮಾತ್ರ ಅವು ಪ್ರಮಾಣವಲ್ಲ. ಈ ಹಿಂದಿನ ಎರಡು ವಾಕ್ಯಗಳಲ್ಲಿ ಬಳಸಿದ ಎರಡು ಪದಗಳ ಅಂತರವನ್ನು ಗಮನಿಸಿದಿರಾದರೆ ವಿಷಯ ಅರ್ಥವಾದಂತೆ. ಅಧಿಕೃತವೆಂದರೆ ಹಕ್ಕುದಾರ ಒಪ್ಪಿದ್ದು. ಪ್ರಮಾಣವೆಂದರೆ ಅಳತೆಗೋಲಾಗಿ ಹಿಡಿಯಲು ಒಪ್ಪಿದ್ದು. ‘ಪ್ರಮಾಣ’ದೊಳಗಿನ ‘ಮಾ’ ಧಾತುವಿಗೆ ಅಳೆ ಎಂದೇ ಅರ್ಥ. ಸಂಸ್ಕೃತದವರೂ ಗ್ರೀಕರೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಕೋಲನ್ನು ಹಿಡಿದಿದ್ದಾರೆ. ಕ್ಯಾನನ್‌ಗೆ ಕನ್ನಡ ಬೇಕೆನ್ನುವವರಿಗೆ ‘ಪ್ರಮಾಣ’ ಸಾಕು. ಹೊರಗಿನದಕ್ಕೆ ನಮ್ಮ ಪಂಡಿತರು ‘ಪ್ರಕ್ಷಿಪ್ತ’ ಎಂಬ ಪದವನ್ನು ಎಂದೋ ಕೊಟ್ಟಿದ್ದಾರೆ: ನಡುವೆ ಎಸೆದದ್ದು. ವ್ಯಾಸರು ಹೇಳಿ ಗಣಪತಿ ಬರೆದುಕೊಂಡ ಪ್ರಸಂಗ ಪುಣೆಯ ಪರಿಷ್ಕೃತ ಮಹಾಭಾರತದ ಮುಖ್ಯ ಪಠ್ಯದಲ್ಲಿಲ್ಲ. ಇದು ಅಪ್ಪಟ ಕ್ಯಾನನ್ ತೀರ್ಮಾನ.

ಪಂಪ 941ರ ಸುಮಾರಿನಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ್ದು ಇನ್ನೊಂದು ಬಗೆ, ರೂಪಾಂತರ. ಅದನ್ನು ಪ್ರಕ್ಷಿಪ್ತ ಎಂದವರಿಲ್ಲ. ವ್ಯಾಸರ ಸಮುದ್ರದಲ್ಲಿ ಈಜುತ್ತೇನೆ, ‘ಕವಿ ವ್ಯಾಸನೆನೆಂಬ ಗರ್ವಮೆನಗಿಲ್ಲ’ ಎಂದು ಅವನೇ ಹೇಳಿಬಿಟ್ಟಿದ್ದಾನೆ.

‘ಹೆಡ್‌ಕ್ಯಾನನ್’ ಎಂಬುದು ಇನ್ನೊಂದು ಚಾಲ್ತಿ ಪದ. ಒಬ್ಬರ ತಲೆಯೊಳಗೆ ಮಾತ್ರ ಜಾರಿಯಲ್ಲಿರುವ ಕಾನೂನು. ಇದಕ್ಕೆ ‘ಕಲ್ಪನೆ’ ಎಂದರೆ ಏನು ಕಡಿಮೆಯಾಗುತ್ತಿತ್ತೋ.

ಮೂಲನಿಷ್ಠರಿಗೆ ಹರ್ಬರ್ಟನ ಪುಸ್ತಕದಿಂದಲೇ ಒಂದು ಚೂರು. ಕಾದಂಬರಿಯ ಕೊನೆಗಿರುವ ಪದಕೋಶದಲ್ಲಿ ‘ಕನಾತ್’ ಇದೆ. ಅರಬ್ಬಿಯ ಈ ಪದವೂ ಅದೇ ಜೊಂಡಿನ ಬುಡದ್ದು, ಟೊಳ್ಳಿನ ಕವಲಿನದು. ಮರುಭೂಮಿಯಲ್ಲಿ ನೀರಾವರಿಗೆ ನೀರು ಒಯ್ಯುವ ತೆರೆದ ಕಾಲುವೆ ಎಂದು ಹರ್ಬರ್ಟ್ ಅರ್ಥ ಕೊಟ್ಟಿದ್ದಾನೆ. ತೆರೆದ? ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ನೋಡಿದವರು ನಗುತ್ತಾರೆ. ಕರೇಜ್ ಎಂಬುದು ಕನಾತ್‌ಗೆ ಪರ್ಷಿಯನ್ ಹೆಸರು. ಅದು ನೆಲದಡಿಯ ಸುರಂಗ. ನಡುನಡುವೆ ಬಾವಿಯಂತೆ ಕಾಣುವ ಗಾಳಿಗಂಡಿಗಳು, ಕೆಳಗೆ ಸಣ್ಣ ಇಳಿಜಾರಿನಲ್ಲಿ ಬಿಸಿಲು ಕಾಣದೆ ಸರಿಯುವ ನೀರು. ಮೇಲೆ ತೆರೆದಿಟ್ಟರೆ ನೀರು ಆವಿಯಾಗುತ್ತದೆ ಎಂಬ ಕಾರಣಕ್ಕೇ ನೆಲ ಕೊರೆದದ್ದು. ಹರ್ಬರ್ಟ್ ಮೂಲದಿಂದ ತನಗೆ ಬೇಕಾದಷ್ಟು ತೆಗೆದುಕೊಂಡು, ಬೇಡವಾದದ್ದರ ಮುಚ್ಚಳ ಕಿತ್ತು, ತನ್ನ ಗ್ರಹದಲ್ಲಿ ಹರಿಯಬಿಟ್ಟ. ಇದನ್ನು ‘ಬೀದರ್ ಕ್ಯಾನನ್’ ಉಲ್ಲಂಘನೆ ಎನ್ನೋಣವೇ?

ಕರಡು ಹಿಂದಿರುಗಿಸಿದ ಮರುದಿನ ಲೇಖಕರು ಫೋನ್ ಮಾಡಿದರು. “ಹಾಗಾದರೆ ಆ ಜಾಗದಲ್ಲಿ ಏನೆಂದು ಬರೆಯಲಿ ಸರ್?”

“ಕಾದಂಬರಿಯಲ್ಲಿ ಹೀಗಿಲ್ಲ ಎಂದು ಬರೆಯಿರಿ. ಬೇಕಾದರೆ ಆ ದೃಶ್ಯ ನಿಮಗೆ ಹಿಡಿಸಿತೋ ಇಲ್ಲವೋ, ಅದನ್ನೂ ಸೇರಿಸಿ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಬಹಳ ಹಿಡಿಸಿತು ಸರ್. ಆದರೆ ಕ್ಯಾನನ್ ಅಲ್ಲವಲ್ಲ ಎಂದು ಅದನ್ನು ಬರೆಯಲಿಲ್ಲ.”